ಬಿಚ್ಚಿಟ್ಟಷ್ಟೂ ಕ್ಷೇಮ

ಎಣ್ಣೆರಾಯ ಮೊದಲ ಸಲ ಹೊಲಿಗೆಯಮ್ಮನ ಮನೆಗೆ ಬಂದಾಗ ಬಾಗಿಲನ್ನು ಮೊಣಕೈಯಿಂದ ಬಡಿದಿದ್ದ. ಕೈಗಳೆರಡನ್ನೂ ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು, ಈಗತಾನೇ ಯಾರದೋ ಹೊಟ್ಟೆ ಕೊಯ್ದು ಬಂದ ಡಾಕ್ಟರಂತೆ ನಿಂತಿದ್ದ. ಬೆರಳುಗಳಿಂದ ಕಪ್ಪು ಎಣ್ಣೆ ಮಣಿಕಟ್ಟಿನ ಕಡೆಗೆ ಇಳಿಯುತ್ತಿತ್ತು. ಅದು ಅಂಗಿಯ ತೋಳನ್ನು ಮುಟ್ಟುವುದರೊಳಗೆ ಮಾತು ಮುಗಿಸಬೇಕೆಂಬ ಆತುರ ಮುಖದಲ್ಲಿತ್ತು.

“ಅಮ್ಮಾ, ನಾನು ಮೇಲಿನ ಮನೆಯವನು. ನಿಮ್ಮ ಹತ್ತಿರ ನೂಲು ಬಿಡದ ಬಟ್ಟೆ ಇದೆಯಾ?”

ಗಂಡ ತೀರಿಕೊಂಡ ಮೇಲೆ ಕೆಳಗಿನ ಆ ಒಂದೂವರೆ ಕೋಣೆಯಲ್ಲಿ ಹೊಲಿಗೆಯಮ್ಮನಿಗೆ ಯಂತ್ರದ ಸದ್ದೇ ಜೊತೆ. ಬಟ್ಟೆಗೆಂದು ಬಾಗಿಲು ತಟ್ಟುವವರು ಅವಳಿಗೆ ಹೊಸಬರಲ್ಲ. ಆದರೆ ಬಂದವರೆಲ್ಲ ಬಣ್ಣ ಕೇಳುತ್ತಿದ್ದರು, ಉದ್ದ ಕೇಳುತ್ತಿದ್ದರು. ಬಟ್ಟೆಯ ನಡತೆ ವಿಚಾರಿಸಿದವನು ಇವನೊಬ್ಬನೇ.

“ಯಾವುದಕ್ಕಪ್ಪಾ?”

“ಒರೆಸಕ್ಕೆ. ಸೈಕಲ್ಲಿನ ಫೋರ್ಕಿನ ಒಳಗಡೆ. ಒಂದು ಎಳೆ ಉಳಿದ್ರೂ ಸೀಲು ಕೆಟ್ಟುಹೋಗುತ್ತೆ.”

ಅವಳು ತುಂಡುಬಟ್ಟೆಯ ಚೀಲ ಸುರಿದು, ಒಂದೊಂದನ್ನೇ ಯಂತ್ರದ ಮೇಲಿದ್ದ ಕರಿ ಕೋಟಿಗೆ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಂದು ಬಿಳಿ ನಾರು ಕಂಡರೂ ಆ ತುಂಡು ಪಕ್ಕಕ್ಕೆ ಹೋಯಿತು. ಕೊನೆಗೆ ಒಗೆದೂ ಒಗೆದೂ ಕಾಗದದಂತಾಗಿದ್ದ ಹಾಸುಬಟ್ಟೆಯ ತುಂಡೊಂದು ಪರೀಕ್ಷೆ ಪಾಸಾಯಿತು.

“ತಗೋ. ಇದು ಬಿಡೋದನ್ನೆಲ್ಲ ಬಿಟ್ಟು ಮುಗಿಸಿದೆ, ನನ್ನ ಹಾಗೆ.”

ಅವನು ನಗಲಿಲ್ಲ. ಬಟ್ಟೆಯನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ತಾನೂ ಒಮ್ಮೆ ಬೆಳಕಿಗೆ ನೋಡಿ, “ಹೌದು” ಎಂದ. ಆ ಒಂದು ಮಾತಿಗೆ ಅವಳಿಗೆ ಅವನ ಮೇಲೆ ಅಭಿಮಾನ ಬಂತು. ತಾನು ನೋಡಿದ್ದನ್ನು ಇನ್ನೊಬ್ಬರು ಮತ್ತೆ ನೋಡಿದರೆ ಬೇರೆಯವರಿಗೆ ಸಿಟ್ಟು ಬಂದೀತು. ಅವಳಿಗೆ ಬರುವುದಿಲ್ಲ.

ಇಷ್ಟು ಮರ್ಯಾದೆ ಬೇಡುವ ವಸ್ತು ಯಾವುದಿರಬಹುದೆಂದು ನೋಡಲು ಅವಳು ಅವನ ಹಿಂದೆಯೇ ಮೆಟ್ಟಿಲು ಹತ್ತಿದಳು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಸುದ್ದಿಪತ್ರಿಕೆ ಹಾಸಿತ್ತು. ಅದರ ಮೇಲೆ, ಗುಡ್ಡ ಇಳಿಯುವ ಸೈಕಲ್ಲಿನ ಮುಂಗಾಲುಗಳು. ಫೋರ್ಕು ಎಂದರೆ ಅದೇ. ಕನ್ನಡಿಯಂತೆ ಹೊಳೆಯುವ ಎರಡು ತೆಳು ಕೊಳವೆ, ಅವನ್ನು ಒಳಕ್ಕೆ ನುಂಗುವ ಎರಡು ದಪ್ಪ ಕೊಳವೆ. ಒಂದು ಕಾಲಿನೊಳಗೆ ಒತ್ತಿ ತುಂಬಿದ ಗಾಳಿ, ಇನ್ನೊಂದರೊಳಗೆ ಎಣ್ಣೆ. ಗಾಲಿ ಕಲ್ಲಿಗೆ ಬಡಿದಾಗ ತೆಳು ಕೊಳವೆ ದಪ್ಪದೊಳಕ್ಕೆ ಕುಸಿದು ಏಟನ್ನು ತಾನೇ ತಿನ್ನಬೇಕು, ಮೇಲೆ ಕೂತವರ ಕೈಗೆ ಮುಟ್ಟಿಸಬಾರದು. ಎರಡೂ ಸೇರುವ ಬಾಯಲ್ಲಿ ಧೂಳು ತಡೆಯುವ ರಬ್ಬರಿನ ಸೀಲು. ಅದರ ಕೆಳಗೆ ಎಣ್ಣೆ ಕುಡಿದು ಕೂತ ಸಣ್ಣದೊಂದು ಸ್ಪಂಜಿನ ಬಳೆ.

“ನೋಡಿದ್ರಾ ಅಮ್ಮಾ,” ಎಂದಳು ಒಲೆಯ ಹತ್ತಿರ ನಿಂತಿದ್ದ ಅವನ ಹೆಂಡತಿ. “ಏಟೆಲ್ಲ ತಾನೇ ತಿಂದ್ಕೊಂಡು ಒಂದು ಸದ್ದೂ ಮಾಡಲ್ಲ. ಮದುವೆ ಆಗೋದಾದ್ರೆ ಇಂಥದ್ದನ್ನ ಆಗ್ಬೇಕಿತ್ತು. ನನಗೆ ಸಿಕ್ಕಿದ್ದು ಎಣ್ಣೆರಾಯ.”

ಆ ಹೆಸರು ಅಂದೇ ಮೆಟ್ಟಿಲಿಳಿದು ಕಟ್ಟಡವೆಲ್ಲ ಹರಡಿತು. ಹೆಂಡತಿಗೆ ಆಗಲೇ ಒಂದು ಹೆಸರಿತ್ತು. ನಗರದ ಬಸ್ಸು ಓಡಿಸುತ್ತಿದ್ದುದರಿಂದ ಎಲ್ಲರಿಗೂ ಅವಳು ಡ್ರೈವರಮ್ಮ.

ಎಣ್ಣೆರಾಯನ ಉದ್ಯೋಗ ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳನ್ನು ನೋಡಿಕೊಳ್ಳುವುದು. ಆಫೀಸು, ಆಸ್ಪತ್ರೆ, ಗೋದಾಮು ಸುತ್ತಿ, ಗೋಡೆಗೆ ನೇತುಹಾಕಿದ ಒಂದೊಂದನ್ನೂ ಇಳಿಸಿ, ತೂಗಿ, ಮುಳ್ಳು ಹಸಿರು ಗೆರೆಯ ಮೇಲಿದೆಯೇ ನೋಡಿ, ಚೀಟಿ ಬದಲಿಸಿ, ಮತ್ತೆ ನೇತುಹಾಕಿ ಬರುತ್ತಿದ್ದ. ಅವನು ತುಂಬಿದ ಒಂದು ಸಿಲಿಂಡರನ್ನೂ ಇದುವರೆಗೆ ಯಾರೂ ಬಳಸಿರಲಿಲ್ಲ. ಇನ್ನೊಬ್ಬನಾಗಿದ್ದರೆ ಇದರಿಂದ ಬೇಸರಪಡುತ್ತಿದ್ದನೇನೋ. ಅವನಿಗೆ ಅದೇ ಹೆಮ್ಮೆ. ಚೆನ್ನಾಗಿ ಇಟ್ಟ ವಸ್ತು ಎಂದರೆ ಬಳಕೆಗೆ ಬರದ ವಸ್ತು ಎನ್ನುವುದು ಅವನಿಗೆ ಹೆತ್ತ ಮನೆಯಿಂದಲೇ ಬಂದ ಬುದ್ಧಿ. ಅವನ ತಾಯಿ ಒಳ್ಳೆಯ ಲೋಟಗಳನ್ನೆಲ್ಲ ಕಪಾಟಿನಲ್ಲಿಟ್ಟು, ಬದುಕಿರುವ ತನಕ ಬಾಯಿ ಒಡೆದ ಲೋಟದಲ್ಲೇ ಚಹಾ ಕುಡಿದವಳಂತೆ. ಆ ಲೋಟಗಳು ಈಗ ಇವನ ಕಪಾಟಿನಲ್ಲಿದ್ದವು. ಇವನೂ ಅವನ್ನು ಧೂಳು ಒರೆಸಿ ಒರೆಸಿ ಇಡುತ್ತಿದ್ದ.

ಗಂಡ ಹೆಂಡತಿಯ ಪರಿಚಯವೂ ಸಿಲಿಂಡರಿನ ದೆಸೆಯಿಂದಲೇ ಆದದ್ದು. ಬಸ್ಸಿನಲ್ಲಿ ಸೀಟಿನ ಹಿಂದೆ ಕಟ್ಟಿದ್ದನ್ನು ಪರೀಕ್ಷಿಸಲು ಹೋದವನನ್ನು ಅವಳು, “ಇದು ಕೆಲಸ ಮಾಡುತ್ತೆ ಅಂತ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದಳಂತೆ. ಅವನು, “ಬೆಂಕಿ ಬಿದ್ರೆ ಗೊತ್ತಾಗುತ್ತೆ” ಎಂದನಂತೆ. ಅವಳಿಗೆ ನಗು ತಡೆಯಲಾಗಲಿಲ್ಲ. ಅವನಿಗೆ ತಾನು ನಗುವಂಥದ್ದೇನು ಹೇಳಿದೆನೆಂದು ಇಂದಿಗೂ ತಿಳಿದಿಲ್ಲ. ಅಷ್ಟರ ಮೇಲೆಯೇ ಮದುವೆಯಾಯಿತು.

ಡ್ರೈವರಮ್ಮ ವಾರವೆಲ್ಲ ನಿಲ್ದಾಣ ನಿಲ್ದಾಣಕ್ಕೂ ಬ್ರೇಕು ಒತ್ತುವವಳು. ಭಾನುವಾರ ಬಂದರೆ ಬ್ರೇಕು ಮುಟ್ಟದೆ ಎಲ್ಲಿಗಾದರೂ ಹೋಗಬೇಕೆನಿಸುತ್ತಿತ್ತು. ಊರಂಚಿನ ಗುಡ್ಡದ ಮೇಲೆ ಕಲ್ಲು, ಬೇರು, ಸಡಿಲ ಮಣ್ಣಿನ ಒಂದು ಕಾಲುದಾರಿಯಿತ್ತು. ಅವಳ ತಮ್ಮ ಕಟ್ಟಿದ ಸೈಕಲ್ ಸಂಘದವರು ಅದರಲ್ಲಿ ಇಳಿಯುತ್ತಿದ್ದರು, ಅವಳೂ ಇಳಿಯುತ್ತಿದ್ದಳು. ಕೆಳಗೆ ನೀರಿನ ಬಾಟಲಿ ಹಿಡಿದು ನಿಲ್ಲುವುದು ಗಂಡನ ಪಾಲಿನ ಕೆಲಸ. ನೂಲು ಬಿಡದ ಬಟ್ಟೆ ಕೇಳಿ ಬರುವುದಕ್ಕೂ ಮೊದಲಿನ ಒಂದು ಭಾನುವಾರ ಅವನು ಕಣ್ಣೆದುರಿಗೇ ಕಂಡ: ತಿರುವಿನಲ್ಲಿ ಸೈಕಲ್ಲು ಒಂದು ಕಡೆ ಹೋಯಿತು, ಹೆಂಡತಿ ಇನ್ನೊಂದು ಕಡೆ ಹೋದಳು. ಕೊರಳೆಲುಬು ಮುರಿಯಿತು. ಆಸ್ಪತ್ರೆಯ ಮಂಚದ ಮೇಲೆ ಅವಳು ಆಡಿದ ಮೊದಲ ಮಾತು, “ಫೋರ್ಕು ಅಂಟ್ಕೊಂಡ್ಬಿಡ್ತು ಕಣೋ, ಕೆಳಗಿಳೀಲೇ ಇಲ್ಲ” ಎಂದು.

ಅಂದಿನಿಂದ ಅವನು ಫೋರ್ಕು ಕಲಿತ. ಗಾಳಿ ಪೂರ್ತಿ ಬಿಡದೆ ಏನನ್ನೂ ಬಿಚ್ಚಬಾರದೆಂದು ಕಲಿತ. ಕಾಲಿನ ಬುಡದ ತಿರುಪನ್ನು ಸ್ವಲ್ಪವೇ ಸಡಿಲಿಸಿ, ರಬ್ಬರಿನ ಸುತ್ತಿಗೆಯಿಂದ ಮಲಗಿದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ತಟ್ಟಿ, ದಪ್ಪ ಕೊಳವೆಯನ್ನು ಎಳೆದು ತೆಗೆಯುವುದನ್ನು ಕಲಿತ. ತಟ್ಟೆಗೆ ಸೋರಿದ ಎಣ್ಣೆಯ ಬಣ್ಣ ನೋಡಿಯೇ ಮಣ್ಣು ಎಷ್ಟು ಒಳಹೊಕ್ಕಿದೆ ಎಂದು ಹೇಳುವಷ್ಟಾದ. ಸ್ಪಂಜಿನ ಬಳೆಯನ್ನು ಹೊಸ ಎಣ್ಣೆಯಲ್ಲಿ ನೆನೆಸಿ, ಸೀಲಿಗೆ ಗ್ರೀಸು ಸವರಿ, ಕೊಳವೆ ಸೇರಿಸಿ, ಬುಡದ ತೂತಿನಿಂದ ಪಿಚಕಾರಿಯಲ್ಲಿ ಅಳೆದ ಎಣ್ಣೆ ಬಿಟ್ಟು, ತಿರುಪು ಬಿಗಿದು, ಗಾಳಿ ತುಂಬುತ್ತಿದ್ದ. ಹೊಲಿಗೆಯಮ್ಮನ ಬಾಗಿಲಿಗೂ ಆಗಾಗ ಮೊಣಕೈ ತಾಗುತ್ತಿತ್ತು. ಒಮ್ಮೆ ಸೀಲನ್ನು ಗೀರದೆ ಎಬ್ಬಿಸಲು ಮರದ ಹೆಣಿಗೆ ಕಡ್ಡಿ ಕೇಳಿದ. ಒಮ್ಮೆ ಬಣ್ಣವಿಲ್ಲದ ಉಗುರಿನ ಪಾಲಿಶು ಕೇಳಿದ.

“ನಾನು ಉಗುರಿಗೆ ಬಳಿದು ಯಾವ ಕಾಲ ಆಯ್ತೋ? ನಿನಗ್ಯಾಕದು?”

“ಕೊಳವೆ ಮೇಲೆ ಕೂದಲೆಳೆ ಗೀರು ಬಿದ್ದಿದೆ. ಹಚ್ಚಿ, ಒಣಗಿಸಿ, ತಿಕ್ಕಿದ್ರೆ ಮುಚ್ಕೊಳ್ಳುತ್ತೆ.”

“ಸೈಕಲ್ಲಿಗೆ ಸಿಂಗಾರ! ಹೆಂಡ್ತಿಗೆ ಎಂದಾದ್ರೂ ತಂದುಕೊಟ್ಟಿದ್ದೀಯಾ?”

ಅವನು ಯೋಚಿಸಿ, “ಅವಳ ಮೇಲೆ ಗೀರಿಲ್ಲ” ಎಂದ.

ಪಾಲಿಶು ಎದುರಿನ ಮನೆಯಿಂದ ಬಂತು. ಗೀರು ಮುಚ್ಚಿತು. ಬೆರಳಾಡಿಸಿದರೂ ಸಿಗದಂತೆ ಮುಚ್ಚಿತು. ಆದರೆ ಕೆಲಸ ಚೆನ್ನಾದಷ್ಟೂ ಅವನ ಕಷ್ಟ ಹೆಚ್ಚಿತು. ಡ್ರೈವರಮ್ಮ ಮತ್ತೆ ಗುಡ್ಡ ಹತ್ತಿ ಇಳಿದು ಬಂದವಳೇ, “ಏನು ಮಾಡಿದ್ಯೋ ಮಾರಾಯ! ಕಲ್ಲಿದೆ ಅಂತಲೇ ಗೊತ್ತಾಗಲ್ಲ. ಬ್ರೇಕೇ ಹಿಡೀಲಿಲ್ಲ ನಾನು” ಎಂದಳು. ಮುಂದಿನ ಸಲ ಅವನು ಇನ್ನೂ ಮೆತ್ತಗೆ ಮಾಡಿದ, ಅವಳು ಇನ್ನೂ ಜೋರಾಗಿ ಇಳಿದಳು. ಕೆಟ್ಟ ಫೋರ್ಕು ಅವಳನ್ನು ಬೀಳಿಸುತ್ತಿತ್ತು. ಒಳ್ಳೆಯ ಫೋರ್ಕು ಅವಳಿಗೆ ಧೈರ್ಯ ತುಂಬುತ್ತಿತ್ತು, ಇದೇ ಹೆಚ್ಚು ಅಪಾಯ. ಕೆಟ್ಟದಾಗಿ ಮಾಡಲು ಕೈ ಬರುತ್ತಿರಲಿಲ್ಲ, ಚೆನ್ನಾಗಿ ಮಾಡಲು ಎದೆ ಬರುತ್ತಿರಲಿಲ್ಲ. ಯಾವ ಅಪಾಯವೂ ಇಲ್ಲದ ಫೋರ್ಕು ಲೋಕದಲ್ಲಿ ಒಂದೇ: ಬಿಚ್ಚಿ ಸುದ್ದಿಪತ್ರಿಕೆಯ ಮೇಲೆ ಹರಡಿಟ್ಟದ್ದು.

ಹಾಗಾಗಿ ಶನಿವಾರ ಶನಿವಾರ ಅದು ಬಿಚ್ಚಿಕೊಳ್ಳತೊಡಗಿತು. ಭಾನುವಾರದ ಹೊತ್ತಿಗೆ ಸೇರುತ್ತಿರಲಿಲ್ಲ. ಒಮ್ಮೆ ಎಣ್ಣೆಯಲ್ಲಿ ಮಣ್ಣು ಕಂಡಿತ್ತು, ಒಮ್ಮೆ ಗ್ರೀಸು ಮುಗಿದಿತ್ತು, ಒಮ್ಮೆ ಬುಡದ ತಾಮ್ರದ ಬಿಲ್ಲೆ ಚಪ್ಪಟೆಯಾಗಿತ್ತು. ಸೋಮವಾರ ಅವಳು ಬಸ್ಸಿಗೆ ಹೋದ ಮೇಲೆ ಎಲ್ಲವೂ ತಾನಾಗಿ ಸರಿಹೋಗುತ್ತಿತ್ತು.

ಮಂಡಿಗೆ ದಪ್ಪ ಬಟ್ಟೆ ಹಾಕಿಸಲು ಸವಾರಿಯ ಪ್ಯಾಂಟು ತಂದ ಡ್ರೈವರಮ್ಮ ಹೊಲಿಗೆಯಮ್ಮನ ಮುಂದೆ ಅಲವತ್ತುಕೊಂಡಳು. “ಇಷ್ಟು ಸರ್ವಿಸು ವಿಮಾನಕ್ಕೂ ಆಗಲ್ಲ ಅಮ್ಮಾ. ಈ ಭಾನುವಾರ ಸಂಘದ ದೊಡ್ಡ ಇಳಿತ ಇದೆ. ಹಿಂದಿನ ಎರಡು ಸಲವೂ ನನ್ನ ಹೆಸರು ಕೂಗಿದಾಗ ನಾನು ಇರ್ಲಿಲ್ಲ. ಮೂರನೇ ಸಲ ಇಲ್ಲ ಅಂದ್ರೆ ಆ ಜಾಗ ಬೇರೆಯವರಿಗೆ. ಅದು ಸಂಘದ ನಿಯಮ, ನನ್ನ ತಮ್ಮನೇ ಮಾಡಿದ್ದು, ಅಕ್ಕ ಅಂತ ನೋಡಲ್ಲ ಅವನು. ವಯಸ್ಸು ನನ್ನನ್ನ ಕಾಯುತ್ತಾ? ಈ ಸಲ ಇಳೀಲಿಲ್ಲ ಅಂದ್ರೆ ನಾನು ಬಸ್ಸಲ್ಲೇ ಮುದುಕಿ ಆಗ್ತೀನಿ.”

ಕೊನೆಯ ಮಾತಿಗೆ ಅವಳು ಆ ಪ್ಯಾಂಟಿನ ಅಂಚಿನಿಂದಲೇ ಕಣ್ಣೊರೆಸಿಕೊಂಡಳು. ಹೊಲಿಗೆಯಮ್ಮ ಮಂಡಿಯ ಹೊಲಿಗೆಯನ್ನು ಮತ್ತೊಂದು ಸಾಲು ಹಾಕಿ ಗಟ್ಟಿಮಾಡಿದಳು.

ಆ ಶನಿವಾರ ಬೆಳಿಗ್ಗೆ ಮೆಟ್ಟಿಲ ಬಳಿ ಎಣ್ಣೆರಾಯ ಸಿಕ್ಕಿದ.

“ಎಲ್ಲಾ ಆಯ್ತೇನಪ್ಪಾ? ನಾಳೆ ಇಳಿತ ಅಂತಲ್ಲ.”

“ಎಲ್ಲಿ ಆಗುತ್ತೆ ಅಮ್ಮಾ. ಸ್ಪಂಜಿನ ಬಳೆ ಒಂದು ಹರಿದುಹೋಗಿದೆ. ಕೊರಿಯರ್‌ನಲ್ಲಿ ಬರಬೇಕು. ಈ ವಾರ ಬರೋ ಹಾಗಿಲ್ಲ.” ಮಾತು ಬಲವಾಗಲೆಂದು, ಹರಿಯದೆ ಉಳಿದಿದ್ದ ಇನ್ನೊಂದು ಬಳೆಯನ್ನು ಅಂಗೈಯಲ್ಲಿಟ್ಟು ತೋರಿಸಿದ. “ಇದರ ಜೋಡಿ.”

ಬಳೆ ತೋರಿಸಿದ್ದೇ ಅವನು ಮಾಡಿದ ತಪ್ಪು. ಬಟ್ಟೆಯ ಅಳತೆ ತೆಗೆದೂ ತೆಗೆದೂ ಪಳಗಿದ ಕಣ್ಣಿನ ಮುಂದೆ ಯಾವ ವಸ್ತುವನ್ನೂ ಹಾಗೆ ಹಿಡಿಯಬಾರದು. ಹೊಲಿಗೆಯಮ್ಮ ಒಂದು ದಾರವನ್ನು ಬಳೆಯ ಸುತ್ತ ಹಾಯಿಸಿ ಗಂಟು ಹಾಕಿಕೊಂಡಳು. ಅವನು ಏನೆಂದು ಕೇಳಲಿಲ್ಲ. ಮುದುಕರಿಗೆ ಏನೋ ಒಂದು ಅಭ್ಯಾಸವೆಂದುಕೊಂಡ.

ಅವಳ ಮನಸ್ಸಿನಲ್ಲಿದ್ದದ್ದು ಇಷ್ಟೇ: ಗಂಡು ಮುಖ ಸಣ್ಣದು ಮಾಡಿಕೊಂಡಿದ್ದಾನೆ, ಹೆಣ್ಣು ಕಣ್ಣಲ್ಲಿ ನೀರು ತಂದುಕೊಂಡಿದ್ದಾಳೆ, ನಡುವೆ ಇರುವುದು ಬೆರಳಗಲದ ಸ್ಪಂಜು. ಹಳೆಯ ಕೋಟೊಂದರ ಹೆಗಲ ದಿಂಬು ಬಿಚ್ಚಿ ಕತ್ತರಿ ಹಿಡಿದು ಕೂತಳು. ಮೊದಲು ಕತ್ತರಿಸಿದ ಬಳೆ ಎಣ್ಣೆಯಲ್ಲಿ ಹಾಕಿದ್ದೇ ಉಬ್ಬಿ ಕೂತಿತು. ಇನ್ನೊಂದು ಜಾತಿಯ ದಿಂಬು ಬಿಚ್ಚಿದಳು, ಅದು ಹಿಂಡಿದಾಗ ಪುಡಿಯಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ, ನೆನೆಸಿದರೂ ಉಬ್ಬದ, ಹಿಂಡಿದರೂ ಹರಿಯದ, ದಾರದ ಗಂಟಿಗೆ ಸರಿಯಾಗಿ ಕೂರುವ ಒಂದು ಬಳೆ ತಯಾರಾಯಿತು. ಅದನ್ನು ಬಟ್ಟಲಲ್ಲಿಟ್ಟುಕೊಂಡು ಮೇಲೆ ಹೋಗಿ, ಬಾಗಿಲು ತೆಗೆದ ಡ್ರೈವರಮ್ಮನ ಕೈಗೇ ಕೊಟ್ಟಳು.

“ತಗೋಮ್ಮಾ ನಿನ್ನ ಕೊರಿಯರ್ರು.”

ಡ್ರೈವರಮ್ಮ ಹೊಲಿಗೆಯಮ್ಮನನ್ನು ತಬ್ಬಿಕೊಂಡೇ ಒಳಗೆ ಕರೆದೊಯ್ದಳು. ಮೇಜಿನ ಹತ್ತಿರ ಕೂತಿದ್ದ ಎಣ್ಣೆರಾಯ ಬಟ್ಟಲು ನೋಡಿದ. ಅವನ ಮುಖ ಹುಳ್ಳಗಾಯಿತು.

“ಇದು... ಇದೇನಿದು?”

“ಕೋಟಿನ ಹೆಗಲ ದಿಂಬು. ಎಣ್ಣೇಲಿ ಹಾಕಿ ನೋಡಿದ್ದೀನಿ. ಏನೂ ಆಗಲ್ಲ,” ಎಂದಳು ಹೊಲಿಗೆಯಮ್ಮ.

“ಕೋಟಿನದ್ದು ಕೋಟಿಗೆ ಸರಿ ಅಮ್ಮಾ. ಒಳಗೆ ಬಿಸಿಯಾಗುತ್ತೆ, ಉಜ್ಜುತ್ತೆ, ಕಿತ್ತು ಬಂದು ಸೀಲಿಗೆ ಸಿಕ್ಕಿಹಾಕ್ಕೊಂಡ್ರೆ...”

“ಹಾಕೋ,” ಎಂದಳು ಡ್ರೈವರಮ್ಮ. “ಒಂದು ಇಳಿತಕ್ಕೆ ಸಾಕು. ನೀನು ಹಾಕ್ತೀಯೋ, ನಾನೇ ಹಾಕ್ಲೋ?” ಎಂದು ಸುತ್ತಿಗೆಗೆ ಕೈ ಚಾಚಿದಳು.

ಎಣ್ಣೆರಾಯ ಬಳೆ ನೋಡಿದ, ಹೆಂಡತಿಯನ್ನು ನೋಡಿದ, ಹೊಳೆಯುವ ಕೊಳವೆ ನೋಡಿದ. ದಿಂಬಿನ ತುಂಡು ಒಳಗಿಟ್ಟು ಹೆಂಡತಿಯನ್ನು ಗುಡ್ಡದಿಂದ ಇಳಿಯಬಿಡುವುದು ಅವನ ಜನ್ಮದಲ್ಲಿ ಆಗದ ಕೆಲಸ. ನಿಧಾನವಾಗಿ ಅಂಗಿಯ ಜೇಬಿಗೆ ಕೈ ಹಾಕಿ, ಚಿಕ್ಕದೊಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಹೊಚ್ಚಹೊಸ ಬಳೆ, ಎಣ್ಣೆಯಲ್ಲಿ ನೆನೆದದ್ದು.

“ಸಿಕ್ತು,” ಎಂದ.

“ಎಲ್ಲಿತ್ತು?”

“ಜೇಬಲ್ಲಿ.”

“ಕೊರಿಯರ್ರು ಸೀದಾ ಜೇಬಿಗೇ ಬಂತಾ?” ಡ್ರೈವರಮ್ಮ ಜೇಬಿನ ಮೇಲಿದ್ದ ಎಣ್ಣೆಯ ಕಲೆಯನ್ನು ಬೆರಳಿಂದ ಮುಟ್ಟಿದಳು. “ಈ ಕಲೆ ನಾನು ವಾರಗಟ್ಟಲೆ ಒಗೀತಾ ಇದ್ದೀನಲ್ಲೋ. ಪೆನ್ನು ಸೋರುತ್ತೆ ಅಂದಿದ್ದೆ ನೀನು. ಅಂದ್ರೆ ಆ ಬಿಲ್ಲೆ? ಗ್ರೀಸು?”

ಒಲೆಯ ಮೇಲಿಟ್ಟಿದ್ದ ನೀರು ಕುದಿದು ಉಕ್ಕಿತು, ಯಾರೂ ಏಳಲಿಲ್ಲ. ಹೊಲಿಗೆಯಮ್ಮನಿಗೆ ಕೆಳಗೆ ಹೋಗೋಣವೆನಿಸಿತು. ಆದರೆ ಬಾಗಿಲಿಗೆ ಹೋಗಲು ಅವರಿಬ್ಬರ ನಡುವೆಯೇ ದಾಟಬೇಕಿತ್ತು. ತಾನು ಮಾಡಿದ ಉಪಕಾರವನ್ನು ಬಟ್ಟಲ ಸಮೇತ ಹಿಡಿದುಕೊಂಡು ಅವಳು ಗೋಡೆಗಂಟಿ ನಿಂತಳು.

“ಬಿದ್ದೋಳು ನಾನು,” ಎಂದಳು ಡ್ರೈವರಮ್ಮ ಕೊನೆಗೆ. ಕೂಗಿದ್ದರೆ ವಾಸಿಯಿತ್ತು, ಮೆಲ್ಲಗೆ ಹೇಳಿದಳು. “ಎಲುಬು ನಂದು, ನೋವು ನಂದು. ನಾನು ಮರೆತು ಎದ್ದು ಓಡಾಡ್ತಾ ಇದ್ದೀನಿ. ನೀನ್ಯಾಕೋ ಇನ್ನೂ ಬಿದ್ದೇ ಇದ್ದೀಯಾ?”

“ನೋಡಿದ್ದು ನಾನಲ್ವಾ,” ಎಂದ ಅವನು. “ಬಿದ್ದೋರಿಗೆ ಬಿದ್ದಿದ್ದು ಕಾಣಲ್ಲ.”

ಡ್ರೈವರಮ್ಮ ಕುರ್ಚಿ ಎಳೆದು ಅವನ ಎದುರಿಗೆ ಕೂತಳು. “ಸರಿ. ಹೆದರ್ಕೊಂಡೇ ಹಾಕು. ಆದ್ರೆ ಹಾಕು.”

ಅವನು ಹಾಕಿದ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಹಾಕಿರಲಿಲ್ಲ. ಬಳೆಯನ್ನು ಕಿರುಬೆರಳಿಂದ ಸುತ್ತಲೂ ಒತ್ತಿ ಕೂರಿಸಿದ. ಕೊಳವೆಗಳನ್ನು ಸೀಲು ಮಡಚದಂತೆ ಉಸಿರು ಬಿಗಿಹಿಡಿದು ಜಾರಿಸಿದ. ಪಿಚಕಾರಿಯ ಎಣ್ಣೆಯನ್ನು ಕಣ್ಣ ಮಟ್ಟಕ್ಕೆ ಹಿಡಿದು ಅಳೆದ. ತಿರುಪು ಬಿಗಿದ ಮೇಲೆ ಗಾಳಿ ತುಂಬಿ, ಹಿಡಿಕೆಯ ಮೇಲೆ ಭಾರ ಬಿಟ್ಟು ಒತ್ತಿದ. ಫೋರ್ಕು ಸದ್ದಿಲ್ಲದೆ ಇಳಿಯಿತು, ಸದ್ದಿಲ್ಲದೆ ಎದ್ದಿತು. ಇದಕ್ಕಿಂತ ಒಳ್ಳೆಯ ಕೆಲಸ ಸಾಧ್ಯವಿಲ್ಲವೆಂದು ಮೂವರಿಗೂ ತಿಳಿಯಿತು. ಒಬ್ಬನ ಕಣ್ಣಲ್ಲಿ ಮಾತ್ರ ನೀರಾಡಿತು.

ಭಾನುವಾರ ಹೊಲಿಗೆಯಮ್ಮನೂ ಗುಡ್ಡದ ಬುಡಕ್ಕೆ ಹೋದಳು. ಮಂಡಿಯ ಹೊಲಿಗೆ ತಾಳುತ್ತದೆಯೇ ನೋಡಬೇಕೆಂಬುದು ನೆಪ. ಎಣ್ಣೆರಾಯ ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಕೆಂಪು ಸಿಲಿಂಡರು ಹಿಡಿದು ಬಂದಿದ್ದ.

“ಭಾವಾ, ಅಕ್ಕ ಸೈಕಲ್ಲಲ್ಲಿ ಇಳೀತಾಳೆ, ರಾಕೆಟ್ಟಲ್ಲಲ್ಲ,” ಎಂದು ಡ್ರೈವರಮ್ಮನ ತಮ್ಮ ಎಲ್ಲರಿಗೂ ಕೇಳುವಂತೆ ಕೂಗಿದ.

“ಇರಲಿ ಬಿಡು. ನಿನ್ನ ನಾಲಿಗೆಗೆ ಬೇಕಾಗುತ್ತೆ,” ಎಂದ ಎಣ್ಣೆರಾಯ. ಅವನು ಜೀವಮಾನದಲ್ಲಿ ಬೇಕೆಂದೇ ಮಾಡಿದ ತಮಾಷೆ ಅದೊಂದೇ ಇರಬೇಕು. ಯಾರಾದರೂ ನಕ್ಕರೇ ಎಂದು ನೋಡಲೂ ಇಲ್ಲ.

ಮೇಲೆ ಸೀಟಿ ಊದಿದ್ದೇ ಅವನು ಗುಡ್ಡಕ್ಕೆ ಬೆನ್ನು ಹಾಕಿ ನಿಂತ.

“ಎಲ್ಲಿದ್ದಾಳೆ?”

“ಮೇಲಿನ ಬಂಡೆ ದಾಟಿದ್ಲು.”

“ತಿರುವು?”

“ಬರ್ತಾ ಇದೆ. ಸುಮ್ನಿರು.”

ಹೊಲಿಗೆಯಮ್ಮ ಸೂಜಿಗೆ ದಾರ ಪೋಣಿಸುವಾಗಿನಂತೆ ಕಣ್ಣು ಕಿರಿದು ಮಾಡಿ ನೋಡಿದಳು. ತಿರುವಿನಲ್ಲಿ ಧೂಳೆದ್ದಿತು. ಧೂಳಿನೊಳಗೆ ಸೈಕಲ್ಲು ಹೋಯಿತು, ಹೆಂಗಸೂ ಹೋದಳು. ಇಬ್ಬರೂ ಒಂದೇ ಕಡೆಯಿಂದ ಹೊರಬಂದರು.

“ದಾಟಿದ್ಲು,” ಎಂದಳು.

ಅವನು ಸಿಲಿಂಡರನ್ನು ನೆಲಕ್ಕಿಟ್ಟು, ಅದರ ಮೇಲೇ ಕೂತುಬಿಟ್ಟ.

ಡ್ರೈವರಮ್ಮನಿಗೆ ಯಾವ ಸ್ಥಾನವೂ ಬರಲಿಲ್ಲ, ಅವಳು ಅದನ್ನು ಕೇಳಲೂ ಇಲ್ಲ. ಮೈಯೆಲ್ಲ ಮಣ್ಣಾಗಿ ಬಂದು ಗಂಡನ ತಲೆ ಹಿಡಿದು ಅಲ್ಲಾಡಿಸಿ, “ಬೆಣ್ಣೆ ಕಣೋ, ಬೆಣ್ಣೆ! ಮುಂದಿನ ತಿಂಗಳು ಆ ಆಚೆ ದಾರೀಲಿ ಇಳೀತೀನಿ” ಎಂದಳು. ಆಚೆಯ ದಾರಿ ಇದಕ್ಕಿಂತ ಕಡಿದಾಗಿತ್ತು. ಎಣ್ಣೆರಾಯ ಬಾಟಲಿಯ ನೀರನ್ನು ತಾನೇ ಕುಡಿದು ಮುಗಿಸಿದ.

ಬಿಚ್ಚಿಡುವ ಶನಿವಾರಗಳು ಅಲ್ಲಿಗೆ ನಿಂತವು. ಬೇಕಾದಾಗ ಮಾತ್ರ ಸರ್ವಿಸು, ಅದೂ ಹೊತ್ತಿಗೆ ಸರಿಯಾಗಿ. ಉಳಿದ ದಿನ ಅವನ ಕೈ ಬರಿದಾಗಿ ಒದ್ದಾಡುವುದನ್ನು ಹೊಲಿಗೆಯಮ್ಮ ಮೆಟ್ಟಿಲಲ್ಲಿ ನೋಡುತ್ತಿದ್ದಳು.

ಬೇಸಿಗೆ ಕಳೆಯುವ ಹೊತ್ತಿಗೆ ಡ್ರೈವರಮ್ಮನಿಗೆ ಬೇರೆ ಡಿಪೋಗೆ ವರ್ಗವಾಯಿತು. ಊರು ಇಷ್ಟು ಅಗಲವಿದ್ದರೂ ಆ ಡಿಪೋ ಇದ್ದದ್ದು ಸರಿಯಾಗಿ ಗುಡ್ಡದ ಬುಡದಲ್ಲಿ. ಮನೆಯನ್ನೂ ಅಲ್ಲೇ ಹಿಡಿದರು. ಸಾಮಾನು ಸಾಗಿಸುವ ದಿನ ಡ್ರೈವರಮ್ಮ ಲಾರಿಯ ಪಕ್ಕದಲ್ಲಿ ನಿಂತು ಹಗ್ಗ ಬಿಗಿಸುತ್ತಿದ್ದಾಗ, ಎಣ್ಣೆರಾಯ ಹೊಲಿಗೆಯಮ್ಮನ ಬಾಗಿಲಿಗೆ ಬಂದ. ಅವನ ಕೈ ಸ್ವಚ್ಛವಾಗಿತ್ತು, ಬೆರಳಿನಿಂದಲೇ ಬಡಿದ. ಕಿಟಕಿಯ ಅಳತೆಯ ಉದ್ದಕ್ಕೆ ಕತ್ತರಿಸಿದ ಒಂದು ದಾರ ತಂದಿದ್ದ.

“ಹೊಸ ಮನೆ ಅಡುಗೆಮನೆ ಕಿಟಕಿ ಗುಡ್ಡದ ಕಡೆಗೇ ಇದೆ ಅಮ್ಮಾ. ಇಡೀ ದಾರಿ ಕಾಣುತ್ತೆ. ತಿರುವೂ ಕಾಣುತ್ತೆ.”

“ದಪ್ಪ ಪರದೆ ಹೊಲಿದುಕೊಡ್ತೀನಿ ಬಿಡು. ಬೆಳಕೂ ತೂರಲ್ಲ.”

“ಅಷ್ಟು ದಪ್ಪ ಬೇಡ,” ಎಂದು ಅವನು ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಲಾರಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

“ಗುಡ್ಡ ಕಾಣಬಾರದು ಅಮ್ಮಾ. ಆದ್ರೆ ಅವಳು ಇಳಿದು ಬಂದಿದ್ದು ಮಾತ್ರ ಕಾಣಬೇಕು. ಅಂಥದ್ದೊಂದು ಹೊಲಿಯಕ್ಕಾಗುತ್ತಾ?”